ಯಾರೂ ನೋಡದ ಬೆನ್ನು

ಚೆನ್ನೈನ ಎಗ್ಮೋರ್ ವಸ್ತುಸಂಗ್ರಹಾಲಯದ ಕಂಚಿನ ವಿಭಾಗಕ್ಕೆ ಹೋದಾಗ ನನಗೊಂದು ಅಭ್ಯಾಸ. ಬಂದವರೆಲ್ಲ ಎದುರು ನಿಂತು ನೋಡಿ ಮುಂದಿನ ಗಾಜಿನ ಪೆಟ್ಟಿಗೆಗೆ ಸರಿಯುವಾಗ ನಾನು ಜಾಗ ಸಿಕ್ಕಲ್ಲೆಲ್ಲ ತೂರಿಕೊಂಡು ವಿಗ್ರಹದ ಹಿಂದಕ್ಕೆ ಹೋಗುತ್ತೇನೆ. ಚೋಳರ ಕಾಲದ ದೇವಿಯರ ಬೆನ್ನು ನೋಡಬೇಕು. ತಲೆಯ ಹಿಂದೆ ಶಿರಶ್ಚಕ್ರ, ಹೆಗಲ ಮೇಲೆ ಚೆಲ್ಲಿದ ಗುಂಗುರು ಕೂದಲು, ಕತ್ತಿನ ಹಾರದ ಕೊಂಡಿಯಿಂದ ಬೆನ್ನಹುರಿಯ ಗುಂಟ ಇಳಿಬಿದ್ದ ಕುಚ್ಚು, ಸೊಂಟದ ಹಿಂದೆ ಉಡುಗೆಯ ಗಂಟು. ಮೈ ಒಂದು ಕಡೆಗೆ ವಾಲಿರುವುದರಿಂದ ಬೆನ್ನ ನಡುವಿನ ಗೆರೆಯೂ ತುಸು ಬಳುಕಿದೆ. ಮುಂಭಾಗಕ್ಕೆ ಕೊಟ್ಟಷ್ಟೇ ಗಮನ, ಮುಂಭಾಗದಷ್ಟೇ ಕೆಲಸ.

ಇದೇ ವಿಗ್ರಹ ಗುಡಿಯಲ್ಲಿದ್ದರೆ ಹೇಗಿರುತ್ತದೆಂದು ಒಮ್ಮೆ ನೆನೆಸಿಕೊಳ್ಳಿ. ಇದು ಉತ್ಸವಮೂರ್ತಿ, ಗಳ ತೂರಿಸಿ ಹೊರಲೆಂದೇ ಪೀಠದಲ್ಲಿ ಬಳೆಗಳೋ ತೂತುಗಳೋ ಇವೆ. ಉತ್ಸವದ ದಿನ ರೇಷ್ಮೆ ಉಡಿಸಿ, ಒಡವೆ ತೊಡಿಸಿ, ಕತ್ತಿನಿಂದ ಕೆಳಗೆ ಹೂವಿನ ಹಾರ ಹೇರಿದ ಮೇಲೆ ಹೊರಗೆ ಉಳಿಯುವುದು ಮುಖ, ಬೆರಳ ತುದಿ, ಹೆಚ್ಚೆಂದರೆ ಪಾದ. ಬೀದಿಯ ಎರಡು ಬದಿ ನಿಂತ ಜನ ಕಂಡದ್ದು ಅಷ್ಟನ್ನೇ. ನಾವು ಇಂದು ಪುಸ್ತಕದ ರಕ್ಷಾಪುಟದಲ್ಲಿ ನೋಡಿ ತಲೆದೂಗುವ ಆ ಮೈಮಾಟವನ್ನು ಆ ಜನ ನಮ್ಮ ಹಾಗೆ ಕಣ್ತುಂಬ ನೋಡಿರಲಾರರು. ಬೆನ್ನಂತೂ ಅಭಿಷೇಕದ ಹೊತ್ತಿಗೆ ಕೈಯಾಡಿಸುವ ಅರ್ಚಕನ ಪಾಲಿನದು. ಹಾಗಾದರೆ ಆ ಕೊಂಡಿ, ಆ ಕುಚ್ಚು, ಆ ಗಂಟು ಯಾರಿಗಾಗಿ?

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಒಂದು ವಸ್ತುಸಂಗ್ರಹಾಲಯದ ಉತ್ತರ: ಕಲಾವಿದ ಕಲಾವಿದನೇ, ಧರ್ಮ ಅವನಿಗೆ ಸಿಕ್ಕ ನೆಪ ಅಥವಾ ಕೂಲಿ ಕೊಟ್ಟ ಧಣಿ, ದೇವರನ್ನು ಬದಿಗಿಟ್ಟು ರೂಪವನ್ನಷ್ಟೇ ನೋಡಿ. ಫ್ರಾನ್ಸಿನ ಶಿಲ್ಪಿ ರೋಡಾನ್ ನಟರಾಜನ ಬಗ್ಗೆ ಮೈಮರೆತು ಬರೆದದ್ದು ಹೀಗೆಯೇ, ಅದೂ ಬರಿಯ ಛಾಯಾಚಿತ್ರಗಳನ್ನು ನೋಡಿ. ಇನ್ನೊಂದು ನಮ್ಮ ವೇದಿಕೆಗಳ ಉತ್ತರ: ಪೌರ್ವಾತ್ಯ ಕಲಾವಿದನಿಗೆ ನಾನು ಎಂಬುದಿಲ್ಲ, ಅವನು ಹೆಸರು ಬಯಸದ ಸಾಧಕ, ಅವನ ಉಳಿಯೇ ಜಪಮಾಲೆ. ಈ ಎರಡನೆಯ ಮಾತಿಗೆ ಬಲ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಮುಖ್ಯವಾಗಿ ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿಯವರ ಬರವಣಿಗೆಯಿಂದ. ನಮ್ಮ ನಾಲ್ಕು ಕೈಯ ದೇವರುಗಳನ್ನು ವಿಕಾರವೆಂದು ಯುರೋಪಿನವರು ಮೂಗು ಮುರಿಯುತ್ತಿದ್ದ ಕಾಲಕ್ಕೆ ಆ ವಾದ ಬೇಕಿತ್ತು. ಅದರ ಋಣ ದೊಡ್ಡದು. ಆದರೆ ನೂರು ವರ್ಷ ಬಾಯಿಂದ ಬಾಯಿಗೆ ದಾಟಿ ಅದೀಗ ಉದ್ಘಾಟನಾ ಭಾಷಣದ ಸರಕಾಗಿದೆ.

ಕನ್ನಡಿಗರಾದ ನಾವು ಇದನ್ನು ಒಪ್ಪುವ ಮೊದಲು ಬೇಲೂರಿಗೆ ಹೋಗಿ ಬಗ್ಗಿ ನೋಡಬೇಕು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ಗುಡಿಯ ಮದನಿಕೆಗಳ ಕಾಲಬುಡದಲ್ಲಿ ರೂವಾರಿಗಳು ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಬರಿಯ ಹೆಸರಲ್ಲ, ಊರಿದೆ, ತಂದೆಯ ಹೆಸರಿದೆ, ಜೊತೆಗೆ ಬಿರುದುಗಳಿವೆ. ಎದುರಾಳಿ ರೂವಾರಿಗಳೆಂಬ ಮನ್ಮಥರಿಗೆ ತಾನು ಶಿವ ಎನ್ನುವ ಅರ್ಥದ ಬಿರುದು ಒಬ್ಬನದು. ವಿಷ್ಣುವಿನ ಗುಡಿಯ ಗೋಡೆಯ ಮೇಲೆ ನಿಂತು ಒಬ್ಬ ಕಸುಬುದಾರ ಇನ್ನೊಬ್ಬನನ್ನು ಸುಟ್ಟು ಬೂದಿ ಮಾಡುತ್ತೇನೆಂದು ತೊಡೆ ತಟ್ಟುತ್ತಿದ್ದಾನೆ! ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯಲ್ಲಿ (1246) ಒಂದು ಬದಿಯ ಶಿಲ್ಪಗಳು ನಂದಿಯ ಬೈಚೋಜನವು, ಇನ್ನೊಂದು ಬದಿಯವು ಮಲ್ಲಿತಮ್ಮನವು; ಪ್ರದಕ್ಷಿಣೆ ಹಾಕುವವನು ತನಗೆ ಗೊತ್ತಿಲ್ಲದೆಯೇ ಒಂದು ಪಂದ್ಯದ ತೀರ್ಪುಗಾರನಾಗುತ್ತಾನೆ. 1258ರ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಅಂಕಿತ ನಲವತ್ತರಷ್ಟು ಮೂರ್ತಿಗಳ ಕೆಳಗೆ ಸಿಗುತ್ತದೆ. ಇವರನ್ನು ಅನಾಮಿಕರೆಂದು ಕರೆಯುವುದು ಓದಲು ಬಾರದವರ ಮಾತು.

ತಮಾಷೆಯೆಂದರೆ, ಕಲ್ಲಿನಲ್ಲೇ ಬರೆದುಕೊಂಡ ಇವರನ್ನು ನಾವು ಮರೆತೆವು. ಹೊಯ್ಸಳ ಶಾಸನಗಳಲ್ಲಿ ಎಲ್ಲೂ ರೂವಾರಿಯಾಗಿ ಸಿಗದ ಜಕಣಾಚಾರಿಯನ್ನು ಮನೆಮನೆಗೂ ಕರೆದುಕೊಂಡೆವು. ಆ ಕಥೆ ಗೊತ್ತಿರುವುದೇ: ಮೂರ್ತಿಯಲ್ಲಿ ದೋಷವಿಲ್ಲವೆಂದು ಜಂಬದಿಂದ ಪಣತೊಟ್ಟವನ ಕಲ್ಲಿನೊಳಗೆ ಕಪ್ಪೆ ಸಿಗುತ್ತದೆ, ಅವನು ತನ್ನ ಕೈಯನ್ನೇ ಕಡಿದುಕೊಳ್ಳುತ್ತಾನೆ, ಕೈದಾಳದಲ್ಲಿ ದೇವರ ಕೆಲಸ ಮಾಡಿದ ಮೇಲೆ ಕೈ ಮರಳಿ ಬರುತ್ತದೆ. ಒಳ್ಳೆಯ ಕಥೆ, ಅನುಮಾನವಿಲ್ಲ. ಆದರೆ ಅದು ಏನು ಮಾಡುತ್ತದೆ ನೋಡಿ. ಕಸುಬಿನ ಹೆಮ್ಮೆಯನ್ನು ಪಾಪವಾಗಿಸಿ ಶಿಕ್ಷೆ ಕೊಡಿಸುತ್ತದೆ, ಭಕ್ತಿಗೆ ಶರಣಾದ ಮೇಲೆ ಮಾತ್ರ ಕೈ ಕೊಡುತ್ತದೆ. ಬೇಲೂರಿನ ಪೀಠಗಳಲ್ಲಿ ಕೈ ಕಡಿದುಕೊಂಡವರಾರೂ ಇಲ್ಲ. ಅಲ್ಲಿ ಹೆಮ್ಮೆಯೂ ಇದೆ, ದೇವರೂ ಇದ್ದಾನೆ, ಇಬ್ಬರಿಗೂ ಒಂದೇ ಚಾವಣಿಯ ಕೆಳಗೆ ಜಾಗ ಸಾಕಾಗಿದೆ.

ಆದ್ದರಿಂದ ಮೊದಲಿನ ಪ್ರಶ್ನೆಗೆ ನನ್ನ ಉತ್ತರದ ಅರ್ಧ ಭಾಗ ಇದು: ಬೆನ್ನು ಕಸುಬಿನದು. ಕುಂಭಕೋಣದ ಪಕ್ಕದ ಸ್ವಾಮಿಮಲೈಯಲ್ಲಿ ಇಂದಿಗೂ ಸ್ಥಪತಿಗಳು ಕೆಲಸ ಶುರು ಮಾಡುವುದು ತೆಂಗಿನ ಗರಿಯಿಂದ. ವಿಗ್ರಹ ಎಷ್ಟು ಎತ್ತರವೋ ಅಷ್ಟುದ್ದದ ಗರಿಯ ಪಟ್ಟಿ ಸೀಳಿ, ತಾಳವೆಂಬ ಅಳತೆಯ ಲೆಕ್ಕಕ್ಕೆ ಮಡಚುತ್ತಾರೆ. ಇಷ್ಟು ಮಡಿಕೆ ಮುಖಕ್ಕೆ, ಇಷ್ಟು ಕತ್ತಿನಿಂದ ಎದೆಗೆ, ಇಷ್ಟು ಮೊಣಕಾಲಿಗೆ. ಆಮೇಲೆ ಜೇನುಮೇಣಕ್ಕೆ ರಾಳ ಬೆರೆಸಿ ಬೊಂಬೆ ಮಾಡಿ, ಅದರ ಮೇಲೆ ಕಾವೇರಿ ದಂಡೆಯ ನಯವಾದ ಮೆಕ್ಕಲು ಮಣ್ಣನ್ನು ಪದರ ಪದರವಾಗಿ ಮೆತ್ತಿ ಒಣಗಿಸುತ್ತಾರೆ. ಕಾಯಿಸಿದರೆ ಮೇಣ ಕರಗಿ ಹರಿದು ಹೋಗುತ್ತದೆ. ಅದು ಬಿಟ್ಟ ಪೊಳ್ಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆಯಲೇಬೇಕು. ಒಂದು ಅಚ್ಚಿಗೆ ಒಂದೇ ವಿಗ್ರಹ. ಎರಕ ಕೆಟ್ಟರೆ ಮೊದಲಿನಿಂದ ಮೇಣ ಹಿಡಿಯಬೇಕು. ಇಷ್ಟು ಪಾಡುಪಟ್ಟು ಮಾಡುವವನು ಮೇಣ ಇನ್ನೂ ಕೈಯಲ್ಲಿ ಮೆತ್ತಗಿರುವಾಗ ಬೆನ್ನನ್ನು ಖಾಲಿ ಬಿಟ್ಟಾನೆಯೇ? ಅದು ಅವನ ಗೆಳೆಯ ನೋಡುತ್ತಾನೆ, ಮಗ ನೋಡುತ್ತಾನೆ, ಎದುರು ಮನೆಯ ಸ್ಥಪತಿ ನೋಡುತ್ತಾನೆ. ಭಕ್ತರಿಗೆ ಕಾಣದ ಬೆನ್ನು ಕುಲುಮೆಯ ಮನೆಯಲ್ಲಿ ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ.

ಹಾಗಿದ್ದರೆ ಭಕ್ತಿಯ ಪಾಲು ಯಾವುದು? ಕುಶಲಿಯ ಮನಸ್ಸಿನಲ್ಲಿ ಭಕ್ತಿ ಇತ್ತೇ ಎಂದು ಕೇಳುತ್ತ ಕೂತರೆ ಎಲ್ಲಿಗೂ ಮುಟ್ಟುವುದಿಲ್ಲ. ಒಂಬೈನೂರು ವರ್ಷದ ಹಿಂದಿನ ಮನಸ್ಸು ಹಾಗಿರಲಿ, ಪಕ್ಕದ ಮನೆಯವರ ಮನಸ್ಸೇ ನಮಗೆ ತಿಳಿಯದು. ನೋಡಬೇಕಾದದ್ದು ಕ್ರಮವನ್ನು: ಯಾವ ಗಳಿಗೆಯಲ್ಲಿ, ಯಾರ ಕೈಯಿಂದ, ಏನು ಮಾಡಿದ ಮೇಲೆ ಆ ವಸ್ತು ದೇವರಾಯಿತು? ಏಷ್ಯಾದ ಉದ್ದಗಲಕ್ಕೂ ಇದಕ್ಕೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ, ಕಣ್ಣು.

ಶ್ರೀಲಂಕಾದಲ್ಲಿ ಬುದ್ಧನ ಮೂರ್ತಿಗೆ ಕಣ್ಣು ಬರೆಯುವ ವಿಧಿಯಲ್ಲಿ ಚಿತ್ರಗಾರ ಮೂರ್ತಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಎದುರು ಕನ್ನಡಿ. ಕನ್ನಡಿಯಲ್ಲಿ ಕಾಣುವ ಮುಖವನ್ನು ನೋಡುತ್ತ, ಹೆಗಲ ಮೇಲಿಂದ ಕುಂಚ ಹಿಂದಕ್ಕೆ ಚಾಚಿ ಕಣ್ಣುಗುಡ್ಡೆ ಬರೆಯುತ್ತಾನೆ. ಆಗಷ್ಟೇ ತೆರೆದ ಕಣ್ಣಿನ ನೋಟವನ್ನು ಮನುಷ್ಯ ನೇರ ತಾಳಲಾರ. ಮುಗಿದ ಮೇಲೆ ಅವನ ಕಣ್ಣಿಗೆ ಬಟ್ಟೆ ಕಟ್ಟಿ ಹೊರಗೆ ಕರೆತರುತ್ತಾರೆ. ಅವನ ಮೊದಲ ದೃಷ್ಟಿ ಜನರ ಮೇಲಲ್ಲ, ಹಾಳಾದರೂ ಚಿಂತೆಯಿಲ್ಲದ ಯಾವುದಾದರೂ ವಸ್ತುವಿನ ಮೇಲೆ ಬೀಳಬೇಕು. ಕೂಲಿಗೆ ಬಂದ ಒಬ್ಬ ಕುಶಲಿ ಅರೆಗಳಿಗೆಯ ಮಟ್ಟಿಗೆ ಊರಿಗೆಲ್ಲ ಅಪಾಯಕಾರಿಯಾಗಿಬಿಡುತ್ತಾನೆ.

ಜಪಾನಿನ ನಾರಾದಲ್ಲಿ 752ರಲ್ಲಿ ತೋದಾಯಿಜಿ ವಿಹಾರದ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧನಿಗೆ ಕಣ್ಣು ಬರೆದವನು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಅವನು ಹಿಡಿದ ಕುಂಚಕ್ಕೆ ನೀಲಿ ರೇಷ್ಮೆಯ ಉದ್ದನೆಯ ಹುರಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕೆಳಗೆ ನೆರೆದವರ ಕೈಗೆ ಕೊಟ್ಟಿದ್ದರು. ಎಲ್ಲರೂ ಸೇರಿ ಕಣ್ಣು ಬರೆದ ಹಾಗಾಯಿತು. ಆ ಕುಂಚವೂ ಹುರಿಯೂ ಇಂದಿಗೂ ನಾರಾದ ಶೋಸೋಯಿನ್ ಭಂಡಾರದಲ್ಲಿವೆ. ಮೂರ್ತಿ ಎರಕ ಹೊಯ್ದವರು ವರ್ಷಗಟ್ಟಲೆ ದುಡಿದಿದ್ದರು. ಅದು ಬುದ್ಧನಾದದ್ದು ಆ ಒಂದು ಗಳಿಗೆಯಲ್ಲಿ.

ನಮ್ಮ ಕಾಲದ ಉದಾಹರಣೆ ಬೇಕೆಂದರೆ 2024ರ ಅಯೋಧ್ಯೆ ಇದೆ. ಎಚ್.ಡಿ. ಕೋಟೆ ಕಡೆಯ ಕೃಷ್ಣಶಿಲೆಯಲ್ಲಿ ಬಾಲರಾಮನನ್ನು ಕೆತ್ತಿದ ಮೈಸೂರಿನ ಅರುಣ್ ಯೋಗಿರಾಜ್, ಕಣ್ಣು ಬಿಡಿಸಿದ ಬೆಳ್ಳಿಯ ಸುತ್ತಿಗೆ, ಚಿನ್ನದ ಉಳಿಯ ಚಿತ್ರವನ್ನು ಎಲ್ಲರಿಗೂ ತೋರಿಸಿದರು. ಪ್ರಾಣಪ್ರತಿಷ್ಠೆಯಾದ ಮೇಲೆ ಅದೇ ಮೂರ್ತಿ ತಮಗೇ ಬೇರೆಯಾಗಿ ಕಂಡಿತೆಂದೂ ಹೇಳಿದರು. ಆ ದೇವಾಲಯದ ರಾಜಕೀಯದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಶಿಲ್ಪಿಯ ಆ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಅದು ಹಳೆಯ ಕರಾರಿನ ಕೊನೆಯ ಸಾಲು. ಕಣ್ಣು ತೆರೆಯುವವರೆಗೆ ಕಲ್ಲು ನಿನ್ನದು, ತೆರೆದ ಮೇಲೆ ನಿನ್ನದಲ್ಲ.

ಈ ಕರಾರಿಗೆ ಒಂದು ಕಹಿ ಅಡಿಬರಹವೂ ಇದೆ. ನೇತ್ರೋನ್ಮೀಲನವಾದ ಮೇಲೆ ಶಿಲ್ಪಿಗೆ ಉಡುಗೊರೆ, ದಕ್ಷಿಣೆ ಕೊಟ್ಟು ಕಳಿಸುತ್ತಾರೆ. ಆಮೇಲೆ ಅವನು ಮುಟ್ಟಿದ ಮೂರ್ತಿಗೆ ಶುದ್ಧಿ ಮಾಡುತ್ತಾರೆ. ತಿಂಗಳುಗಟ್ಟಲೆ ಎದೆಗವಚಿಕೊಂಡು ಕೆತ್ತಿದವನು ಇನ್ನು ಗರ್ಭಗುಡಿಯ ಹೊಸ್ತಿಲಾಚೆ ನಿಲ್ಲಬೇಕು. ಭಕ್ತಿಯೂ ಕಲೆಯೂ ಒಂದೇ ಎಂದು ಭಾವುಕರಾಗಿ ಹೇಳುವವರು ಈ ಹೊಸ್ತಿಲನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಒಂದೇ ಆಗಿದ್ದರೆ ಶುದ್ಧಿ ಯಾಕೆ ಬೇಕಿತ್ತು? ನನಗೆ ಕಾಣುವುದು ಇಷ್ಟು: ಕಸುಬಿನ ಹಟ ಬೇರೆ, ಪೂಜೆಯ ಹಟ ಬೇರೆ. ಎರಡೂ ಒಂದೇ ವಸ್ತುವಿನ ಮೇಲೆ ಹಕ್ಕು ಸಾಧಿಸುತ್ತವೆ. ಏಷ್ಯಾದ ಈ ಕಲೆಯ ಬಿಗಿ ಬಂದಿರುವುದು ಆ ಜಗ್ಗಾಟದಿಂದಲೇ.

ಬೆನ್ನು ಕಸುಬಿನದು, ಕಣ್ಣು ಪೂಜೆಯದು ಎಂದು ಗೆರೆ ಎಳೆದು ಕೈತೊಳೆದುಕೊಳ್ಳಲು ನನಗೂ ಆಸೆ. ಆದರೆ ಬೈಲುಕುಪ್ಪೆ ಬಿಡುವುದಿಲ್ಲ. ಅಲ್ಲಿಯ ಟಿಬೆಟನ್ ವಿಹಾರಗಳಲ್ಲಿ ತೂಗುಹಾಕಿದ ತಂಕಾ ಎಂಬ ಬಟ್ಟೆಯ ಚಿತ್ರಗಳನ್ನು ಪ್ರವಾಸಿಗಳು ಬಣ್ಣಕ್ಕೆ ಬೆರಗಾಗಿ ನೋಡುತ್ತಾರೆ. ವಿಧಿವತ್ತಾಗಿ ಮುಗಿಸಿದ ತಂಕಾದ ಬಟ್ಟೆಯ ಹಿಂಬದಿಯಲ್ಲಿ, ಎದುರಿನ ದೇವತೆಯ ಹಣೆ, ಗಂಟಲು, ಎದೆ ಇರುವ ನೇರಕ್ಕೆ ಓಂ, ಆಃ, ಹೂಂ ಎಂಬ ಮೂರು ಅಕ್ಷರ ಬರೆದಿರುತ್ತದೆ. ಮೂರ್ತಿಗಳ ಟೊಳ್ಳಿನೊಳಗೆ ಮಂತ್ರ ಬರೆದ ಸುರುಳಿಗಳನ್ನು ತುಂಬಿ ಮುಚ್ಚಿರುತ್ತಾರೆ. ಅಂದರೆ ಅಲ್ಲಿ ಬೆನ್ನೂ ಪೂಜೆಯದೇ, ಹೊಟ್ಟೆಯೂ ಪೂಜೆಯದೇ. ನೋಡುವವರಿಗೆ ಬಿಟ್ಟುಕೊಟ್ಟದ್ದು ಮುಂಭಾಗ ಮಾತ್ರ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮುಂಭಾಗವನ್ನೂ ಕೊಡದ ಜಪಾನಿನ ಗುಡಿಗಳಿವೆ. ನಾಗಾನೊ ಊರಿನ ಝೆಂಕೋಜಿ ವಿಹಾರದ ಮೂಲಮೂರ್ತಿಯನ್ನು ಯಾರೂ ನೋಡುವಂತಿಲ್ಲ, ಅಲ್ಲಿಯ ಭಿಕ್ಷುಗಳು ಕೂಡ. ಅದರ ಬದಲಿಯಾಗಿ ಮಾಡಿದ ಪ್ರತಿಯನ್ನು ಅವರ ಲೆಕ್ಕದ ಏಳು ವರ್ಷಕ್ಕೊಮ್ಮೆ ತೋರಿಸುತ್ತಾರೆ, ಜನ ಲಕ್ಷಗಟ್ಟಲೆ ಬರುತ್ತಾರೆ. ಹೋರ್ಯೂಜಿ ವಿಹಾರದ ಅಷ್ಟಕೋನದ ಯುಮೆದೊನೊ ಮಂಟಪದಲ್ಲಿ ಏಳನೆಯ ಶತಮಾನದ ಕನ್ನೊನ್ ಬೋಧಿಸತ್ವನ ಮೂರ್ತಿಯೊಂದು ಬಟ್ಟೆ ಸುತ್ತಿಸಿಕೊಂಡು ಶತಮಾನಗಟ್ಟಲೆ ನಿಂತಿತ್ತು. 1884ರಲ್ಲಿ ಅಮೆರಿಕದ ವಿದ್ವಾಂಸ ಫೆನೊಲೋಸಾ, ಜಪಾನಿನ ವಿದ್ವಾಂಸ ಒಕಾಕುರಾ ಜೊತೆ ಸರ್ಕಾರದ ಅಪ್ಪಣೆ ಹಿಡಿದು ಬಂದು ಬಿಚ್ಚಿಸಿದ. ಬಿಚ್ಚಿದರೆ ಭೂಕಂಪವಾಗಿ ಗುಡಿ ಉರುಳುತ್ತದೆಂದು ಭಿಕ್ಷುಗಳು ನಡುಗಿದರು. ನೂರಾರು ಗಜ ಬಟ್ಟೆಯ ಒಳಗಿಂದ ಹೊರಬಂದ ಮರದ ಮೈಮೇಲಿನ ಚಿನ್ನದ ಲೇಪ ನಿನ್ನೆ ಹಚ್ಚಿದಂತಿತ್ತು. ಫೆನೊಲೋಸಾ ಅದನ್ನು ಕಲೆಗೆ ಸಿಕ್ಕ ಜಯವೆಂದು ಬಗೆದ. ಚಿನ್ನ ಉಳಿದದ್ದು ಯಾರೂ ನೋಡದಂತೆ ಕಾಯ್ದವರಿಂದ ಎಂಬ ಮಾತನ್ನು ನಾನು ಅದಕ್ಕೆ ಸೇರಿಸುತ್ತೇನೆ.

ನೋಡುವವನಿಲ್ಲದಿದ್ದರೆ ಕಲೆಯಿಲ್ಲ ಎಂದು ಕಲಿತ ನಮಗೆ ಇದು ಅರಗದು. ಈ ಪರಂಪರೆಯಲ್ಲಿ ನೋಡುವವನು ಮೂರ್ತಿ, ನೋಡಿಸಿಕೊಳ್ಳುವವರು ನಾವು. ದೇವರ ಕಣ್ಣಿಗೆ ಬೀಳಲೆಂದು ಜನ ಸಾಲಿನಲ್ಲಿ ನಿಂತು ಹೆಗಲ ಮೇಲಿಂದ ಕತ್ತು ಚಾಚುತ್ತಾರೆ. ತಿರುಪತಿಯಲ್ಲಿ ಹತ್ತು ಗಂಟೆ ನಿಂತು ಎರಡು ಸೆಕೆಂಡು ದರ್ಶನ ಪಡೆದವರನ್ನು ಮೂರ್ತಿಯ ಕೈ ಹೇಗಿತ್ತೆಂದು ಕೇಳಿ, ತಡವರಿಸುತ್ತಾರೆ. ಅದು ಅವರ ಕೊರತೆಯಲ್ಲ, ಅವರು ಅದಕ್ಕಾಗಿ ಹೋಗಿರಲಿಲ್ಲ.

ಮೂರ್ತಿ ಬರಿಯ ವಸ್ತುವಲ್ಲ ಎಂಬ ಈ ಮಾತನ್ನು ಒಮ್ಮೆ ಲಂಡನ್ನಿನ ನ್ಯಾಯಾಲಯವೂ ತನ್ನದೇ ರೀತಿಯಲ್ಲಿ ಒಪ್ಪಬೇಕಾಯಿತು. 1976ರಲ್ಲಿ ತಂಜಾವೂರು ಜಿಲ್ಲೆಯ ಪತ್ತೂರಿನಲ್ಲಿ ಕೂಲಿಯವನೊಬ್ಬನ ಗುದ್ದಲಿಗೆ ನೆಲದಡಿ ಹುಗಿದಿಟ್ಟಿದ್ದ ನಟರಾಜ ಸಿಕ್ಕಿತು. ಕೈಯಿಂದ ಕೈಗೆ ಮಾರಾಟವಾಗಿ 1982ರಲ್ಲಿ ಕೆನಡಾದ ಬಂಪರ್ ಎಂಬ ಕಂಪನಿ ಅದನ್ನು ಕೊಂಡಿತು. ದುರಸ್ತಿಗೆಂದು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟಿದ್ದಾಗ ಪೊಲೀಸರು ವಶಪಡಿಸಿಕೊಂಡರು. ಹಕ್ಕುದಾರರಾಗಿ ನಿಂತವರಲ್ಲಿ ಪತ್ತೂರಿನ ಪಾಳುಬಿದ್ದ ಗುಡಿಯೂ ಇತ್ತು, ಅಲ್ಲೇ ಉಳಿದಿದ್ದ ಶಿವಲಿಂಗವೂ ಇತ್ತು. ಕಲ್ಲು ದಾವೆ ಹೂಡಬಹುದೇ? ಭಾರತದ ಕಾನೂನಿನಲ್ಲಿ ಗುಡಿ ವ್ಯಕ್ತಿಯೆಂದು ಲೆಕ್ಕವಿರುವುದನ್ನು ಮನ್ನಿಸಿದ ನ್ಯಾಯಾಲಯ 1988ರಲ್ಲಿ ಗುಡಿಯ ಪರ ತೀರ್ಪು ಕೊಟ್ಟಿತು. 1991ರಲ್ಲಿ ಮೇಲ್ಮನವಿಯೂ ಬಿದ್ದು ನಟರಾಜ ಊರ ಕಡೆ ಹೊರಟ. ಆ ಮಾಲಿಗೆ ಬೆಲೆ ಕಟ್ಟಿದ್ದ ಮಾರುಕಟ್ಟೆಗೆ ಅದರ ಮಾಲೀಕನೂ ದೇವರೇ ಎಂಬುದು ಹೊಸ ಸುದ್ದಿ.

ಗೆದ್ದದ್ದು ಯಾರು ಎಂದು ಮಾತ್ರ ನನಗೆ ಇನ್ನೂ ಸ್ಪಷ್ಟವಿಲ್ಲ. ತಮಿಳುನಾಡಿನಲ್ಲಿ ಕಳ್ಳರ ಭಯಕ್ಕೆ ಸಾವಿರಾರು ಕಂಚಿನ ವಿಗ್ರಹಗಳನ್ನು ಊರ ಗುಡಿಗಳಿಂದ ತೆಗೆದು, ತಿರುವಾರೂರಿನಂಥ ದೊಡ್ಡ ದೇವಾಲಯಗಳ ಭದ್ರತಾ ಕೊಠಡಿಗಳಲ್ಲಿ ಸಾಲಾಗಿ ಇಟ್ಟಿದ್ದಾರೆ. ಅಲ್ಲಿ ಪ್ರವಾಸಿಯೂ ಇಲ್ಲ, ರೇಷ್ಮೆಯೂ ಇಲ್ಲ. ಮುಂಭಾಗ, ಬೆನ್ನು ಎರಡೂ ಬೀಗದೊಳಗೆ. ಕಾರಣ ಅರ್ಥವಾಗುತ್ತದೆ. ಆದರೂ ಹೊತ್ತು ಮೆರೆಸಲೆಂದು ಮಾಡಿದ ವಸ್ತುವಿಗೆ ಇದಕ್ಕಿಂತ ವಸ್ತುಸಂಗ್ರಹಾಲಯವೇ ಮೇಲು ಎಂದು ನಾನು ಹೇಳಿದರೆ ಭಕ್ತರು ಬೇಸರಿಸಬಾರದು.

ಭಕ್ತಿಯ ಪರ ಇಷ್ಟೆಲ್ಲ ವಕಾಲತ್ತು ಮಾಡಿದ ಮೇಲೆ ಅದರ ಕೈಯಿಂದಾದ ಹಾಳನ್ನೂ ಹೇಳಬೇಕು. ನೂರಾರು ವರ್ಷದ ಅಭಿಷೇಕದಿಂದ ಎಷ್ಟೋ ವಿಗ್ರಹಗಳ ಮುಖ ನುಣ್ಣಗೆ ಸವೆದಿದೆ. ತಂಜಾವೂರಿನ ದೊಡ್ಡ ಗುಡಿಯ ಒಳಸುತ್ತಿನಲ್ಲಿ ಚೋಳರ ಚಿತ್ರಗಳ ಮೇಲೆ ನಾಯಕರ ಕಾಲದವರು ತಮ್ಮ ಚಿತ್ರ ಬರೆಸಿದರು. ಕೆಳಗಿನದು ಬೆಳಕಿಗೆ ಬಂದದ್ದು 1931ರಲ್ಲಿ. ಇವೆರಡನ್ನೂ ನಾನು ಹಾಳು ಎನ್ನಲಾರೆ. ಬಳಕೆಯಿಂದ ಸವೆಯುವುದು ಆ ವಸ್ತುವಿನ ಆಯುಸ್ಸಿನ ಭಾಗ, ಒಂದು ಕಾಲದ ಭಕ್ತಿ ಇನ್ನೊಂದರ ಮೇಲೆ ಕೂರುವುದೂ ಹಾಗೆಯೇ. ನನ್ನ ಹೊಟ್ಟೆ ಉರಿಯುವುದು ನಮ್ಮ ಹಳ್ಳಿಗಳ ಹಳೆಯ ಗುಡಿಗಳನ್ನು ನೋಡಿದಾಗ. ಜೀರ್ಣೋದ್ಧಾರವೆಂದು ನೆಲಕ್ಕೆ ಹೊಳೆಯುವ ಟೈಲ್ಸು, ಬಳಪದ ಕಲ್ಲಿನ ಕಂಬಕ್ಕೆ ಎನಾಮಲ್ ಬಣ್ಣ, ಬಾಗಿಲಿಗೆ ಸ್ಟೀಲ್ ಗ್ರಿಲ್ಲು, ಅದರ ಮೇಲೆ ದಾನಿಗಳ ಪಟ್ಟಿ. ದಾನಿಗಳಿಗೆ ಹೆಸರು ಬೇಕು, ಸರಿ. ಆ ಬಣ್ಣದ ಕೆಳಗೆ ಯಾವ ಮಲ್ಲಿತಮ್ಮನ ಹೆಸರು ಮುಚ್ಚಿಹೋಯಿತೋ ಕೇಳುವವರಿಲ್ಲ. ಇಲ್ಲಿ ಕರಾರು ಮುರಿದಿರುವುದು ಪೂಜೆಯ ಕಡೆಯವರು. ಕಸುಬಿಗೆ ಕೊಡಬೇಕಾದ ಪಾಲನ್ನು ಕೊಡದೆ ಪೂರ್ತಿ ತಮ್ಮದೆಂದು ಬರೆಸಿಕೊಂಡಿದ್ದಾರೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಒಟ್ಟಿಗೆ ಯುನೆಸ್ಕೊ ಪಟ್ಟಿ ಸೇರಿದವು. ಮೂರಕ್ಕೂ ಒಂದೇ ಫಲಕ, ಆದರೆ ಒಳಗಿನ ಬದುಕು ಬೇರೆ. ಸೋಮನಾಥಪುರದಲ್ಲಿ ಮೂಲ ಕೇಶವ ಇಲ್ಲ, ನಿತ್ಯಪೂಜೆಯೂ ಇಲ್ಲ. ಗೈಡ್ ತನ್ನ ಟಾರ್ಚನ್ನು ಎಲ್ಲಿ ಬೇಕಾದರೂ ಹಾಯಿಸಬಹುದು. ಹೊಗೆ ಹಿಡಿಯದ ಆ ಗರ್ಭಗುಡಿಯಲ್ಲಿ ಕೊಳಲು ಹಿಡಿದ ವೇಣುಗೋಪಾಲನ ಬೆರಳುಗಳನ್ನು ಒಂದೊಂದಾಗಿ ನೋಡುವ ಭಾಗ್ಯ ನನಗೆ ಸಿಕ್ಕಿದೆ, ಅದನ್ನು ಅಲ್ಲಗಳೆಯಲಾರೆ. ಬೇಲೂರಿನ ನವರಂಗದಲ್ಲಿ ಎರಡು ಬೆಳಕು. ಕಂಬಗಳ ಮೇಲೆ ಗೈಡಿನ ಟಾರ್ಚು ಆಡುತ್ತಿರುತ್ತದೆ. ಅಷ್ಟರಲ್ಲಿ ಒಳಗೆ ಗಂಟೆ ಬಾರಿಸಿ ತಟ್ಟೆಯಲ್ಲಿ ಕರ್ಪೂರ ಹತ್ತುತ್ತದೆ. ಕಳೆದ ಸಲ ಹೋದಾಗ ನಮ್ಮ ಗೈಡು ವಾಕ್ಯದ ನಡುವೆಯೇ ಮಾತು ನಿಲ್ಲಿಸಿ, ಟಾರ್ಚು ಆರಿಸಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈಮುಗಿದು ನಿಂತರು. ಆರತಿ ಮುಗಿದ ಮೇಲೆ ಕಣ್ಣಿಗೊತ್ತಿಕೊಂಡು, ಬಿಟ್ಟ ಪದದಿಂದಲೇ ನರಸಿಂಹ ಕಂಬದ ಕಥೆ ಮುಂದುವರಿಸಿದರು. ಅವರಿಗೆ ಇದರಲ್ಲಿ ಯಾವ ಗೊಂದಲವೂ ಇದ್ದಂತೆ ಕಾಣಲಿಲ್ಲ.

ಈ ವಾದವನ್ನು ಮನೆಯಲ್ಲಿ ಹೇಳಿದರೆ ನಿಲ್ಲುತ್ತದೋ ಇಲ್ಲವೋ ಎಂಬ ಅನುಮಾನ ನನಗೆ ಪ್ರತಿ ಗೌರಿ ಹಬ್ಬದಲ್ಲೂ ಬರುತ್ತದೆ. ನಾವು ತರುವುದು ಸಂತೆಬೀದಿಯ ಮಣ್ಣಿನ ಗಣೇಶ. ಮುಂದೆ ಹಳದಿ, ಕೆಂಪು, ಕಿರೀಟಕ್ಕೆ ಚಿನ್ನದ ಬಣ್ಣ. ಒಮ್ಮೆ ಪೂಜೆ ಮುಗಿದು ಸಂಜೆ ವಿಸರ್ಜನೆಗೆ ಮುಂಚೆ ಮೂರ್ತಿಯನ್ನು ಕದಲಿಸಿ ಎತ್ತಿಕೊಂಡಾಗ ಅದರ ಹಿಂಬದಿ ನನ್ನ ಕಡೆಗೆ ಬಂತು. ಬೆನ್ನಿಗೆ ಬಣ್ಣವಿರಲಿಲ್ಲ. ಚೋಳ ಸ್ಥಪತಿಯ ಕುಚ್ಚಿಲ್ಲ, ಮಂತ್ರಾಕ್ಷರವಿಲ್ಲ, ಸಾವಿರ ಮೂರ್ತಿ ಮಾಡಬೇಕಾದವನ ಅವಸರ ಮಾತ್ರ ಇತ್ತು. ಸೊಂಟದ ಹತ್ತಿರ, ಮಣ್ಣು ಹಸಿಯಿದ್ದಾಗ ಅಚ್ಚಿಗೆ ಒತ್ತಿ ಹಿಡಿದಿದ್ದ ಹೆಬ್ಬೆರಳಿನ ಗುರುತು, ಗೆರೆಗಳ ಸಮೇತ, ಹಾಗೇ ಉಳಿದಿತ್ತು. ಅಮ್ಮ ಬಕೆಟ್ಟಿನ ನೀರಿಗೆ ಅರಿಸಿನ ಕುಂಕುಮ ಹಾಕಿ, ನೋಡಿದ್ದು ಸಾಕು, ಹೊತ್ತಾಯಿತು ಇಳಿಸು ಎಂದರು.